ಕಪಾಟಿನ ಫ್ಲಾಪಿಗಳೂ ನಮ್ಮ ಹೊಣೆಯೂ

ಮುಂಬಯಿಯ ನಮ್ಮ ಸಂಘದ ಕಚೇರಿಯಲ್ಲಿ ಎರಡು ಕಪಾಟುಗಳಿವೆ. ಒಂದು ತೇಗದ ಮರದ್ದು, ಇನ್ನೊಂದು ಉಕ್ಕಿನದು. ತೇಗದ ಕಪಾಟಿನಲ್ಲಿ ಸಂಘದ ಆರಂಭದ ದಿನಗಳಿಂದ ಬರೆದಿಟ್ಟ ನಡಾವಳಿ ಪುಸ್ತಕಗಳಿವೆ. ಶಾಯಿ ಕಂದಿದೆ, ಅಂಚುಗಳಿಗೆ ಗೆದ್ದಲು ಹಿಡಿದಿದೆ. ಆದರೂ ಯಾವ ಪುಟವನ್ನು ತೆರೆದರೂ ಓದಬಹುದು. ಯಾರು ಎಷ್ಟು ವಂತಿಗೆ ಕೊಟ್ಟರು, ಯಾವ ನಾಟಕಕ್ಕೆ ಎಷ್ಟು ಖರ್ಚಾಯಿತು, ಯಾರು ಯಾವ ಮಾತಿಗೆ ಮುನಿದು ರಾಜೀನಾಮೆ ಇತ್ತರು ಎಂಬುದೆಲ್ಲ ಅಲ್ಲಿ ದಾಖಲಾಗಿದೆ. ಉಕ್ಕಿನ ಕಪಾಟಿನಲ್ಲಿ, ಒಂದು ಬಿಸ್ಕತ್ತಿನ ಡಬ್ಬಿಯೊಳಗೆ, ಹನ್ನೊಂದು ಫ್ಲಾಪಿಗಳಿದ್ದವು. ವಯಸ್ಸಿನಲ್ಲಿ ಇವು ನಡಾವಳಿ ಪುಸ್ತಕಗಳ ಮೊಮ್ಮಕ್ಕಳು. ಆದರೆ ಅಜ್ಜ ಇನ್ನೂ ಮಾತನಾಡುತ್ತಿದ್ದಾನೆ, ಮೊಮ್ಮಕ್ಕಳಿಗೆ ಮಾತು ನಿಂತುಹೋಗಿತ್ತು.

ಈ ಫ್ಲಾಪಿಗಳ ಹಿಂದಿನ ಸಂಗತಿಯನ್ನು ಹೇಳದೆ ನನ್ನ ವಾದವನ್ನು ಮುಂದಿಡುವಂತಿಲ್ಲ. ಅದರಲ್ಲಿ ನನ್ನ ತಪ್ಪೂ ಸೇರಿದೆ. ೧೯೯೬ರಲ್ಲಿ ನಮ್ಮ ಸಂಘ ಒಂದು ಸ್ಮರಣ ಸಂಚಿಕೆಯನ್ನು ಹೊರತಂದಿತು. ಹಗಲು ಹೋಟೆಲುಗಳಲ್ಲಿ, ಕಚೇರಿಯ ಕ್ಯಾಂಟೀನುಗಳಲ್ಲಿ ದುಡಿದು, ರಾತ್ರಿ ಕನ್ನಡ ಶಾಲೆಗಳಲ್ಲಿ ಅಕ್ಷರ ಕಲಿತ ನಲವತ್ತು ಮಂದಿ ಹಿರಿಯರನ್ನು ನಾವು ಕೆಲವರು ಆಗ ಭೇಟಿಯಾಗಿ, ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಂಡೆವು. ನಲವತ್ತನ್ನೂ ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸಿದ್ದಾಯಿತು. ಜಾಹೀರಾತುಗಳಿಗೆ ಪುಟಗಳನ್ನು ಬಿಟ್ಟುಕೊಟ್ಟ ಮೇಲೆ ಒಂಬತ್ತಕ್ಕೆ ಮಾತ್ರ ಜಾಗ ಉಳಿಯಿತು. ಮಿಕ್ಕ ಮೂವತ್ತೊಂದನ್ನು 'ಮುಂದೆ ಪುಸ್ತಕ ಮಾಡೋಣ' ಎಂದು ಫ್ಲಾಪಿಗಳಲ್ಲಿ ಉಳಿಸಿದೆವು. ಎರಡು ವರ್ಷಗಳ ಬಳಿಕ ಕಚೇರಿ ಬದಲಾಯಿಸುವಾಗ ಹಸ್ತಪ್ರತಿಗಳ ಗಂಟನ್ನು ಏನು ಮಾಡುವುದೆಂಬ ಪ್ರಶ್ನೆ ಬಂದಿತು. 'ಎಲ್ಲ ಕಂಪ್ಯೂಟರಿನಲ್ಲಿದೆಯಲ್ಲ, ಕಾಗದವೇಕೆ?' ಎಂದು ಕೇಳಿದವನು ನಾನೇ. ಗಂಟು ರದ್ದಿಯವನ ತಕ್ಕಡಿಗೆ ಹೋಯಿತು.

ನಾನು ಹೇಳಹೊರಟಿರುವುದು ಇಷ್ಟು. ಹೊರನಾಡ ಕನ್ನಡಿಗರ ಚರಿತ್ರೆಯಲ್ಲಿ ಇಂದು ಎಲ್ಲಕ್ಕಿಂತ ಹೆಚ್ಚು ಅಪಾಯದಲ್ಲಿರುವುದು ನಮ್ಮ ಇತ್ತೀಚಿನ ಕಾಲ. ನಾವು ಕೈಬರಹವನ್ನು ಬಿಟ್ಟು ಕಂಪ್ಯೂಟರನ್ನು ನಂಬಿದ ಮೊದಲ ಹದಿನೈದು ಇಪ್ಪತ್ತು ವರ್ಷಗಳ ಬರವಣಿಗೆ ಫ್ಲಾಪಿಗಳಲ್ಲಿದೆ. ಅವುಗಳನ್ನು ಓದಬಲ್ಲ ಯಂತ್ರಗಳು ಮನೆಗಳಿಂದಲೂ ಅಂಗಡಿಗಳಿಂದಲೂ ಕಾಣೆಯಾಗಿವೆ. ಇದನ್ನು ಉಳಿಸಿಕೊಳ್ಳುವ ಉಪಾಯ ಇನ್ನೂ ಇದೆ. ಆದರೆ ಬಹಳ ಕಾಲ ಇರುವುದಿಲ್ಲ. ಸಂಘಗಳು ಈ ಕೆಲಸವನ್ನು ಸಾಮೂಹಿಕವಾಗಿ, ಕೂಡಲೇ ಕೈಗೊಳ್ಳಬೇಕು. ಕಳೆದ ಒಂದು ವರ್ಷದ ನನ್ನ ಅನುಭವವನ್ನು ಈ ಮಾತಿಗೆ ಸಾಕ್ಷಿಯಾಗಿ ಇಲ್ಲಿ ಕೊಡುತ್ತಿದ್ದೇನೆ.

ಮೊದಲು ಯಂತ್ರದ ಮಾತು. ಐ.ಬಿ.ಎಂ. ಕಂಪನಿ ೧೯೭೧ರಲ್ಲಿ ಎಂಟು ಅಂಗುಲದ ಫ್ಲಾಪಿಯನ್ನು ತಂದಿತು. ೧೯೭೬ರಲ್ಲಿ ಶುಗಾರ್ಟ್ ಕಂಪನಿಯ ಐದೂಕಾಲು ಅಂಗುಲದ್ದು ಬಂದಿತು. ೧೯೮೧ರಲ್ಲಿ ಸೋನಿಯವರ ಮೂರೂವರೆ ಅಂಗುಲದ್ದು. ಆ್ಯಪಲ್ ಕಂಪನಿ ೧೯೯೮ರಲ್ಲಿ ತನ್ನ ಐಮ್ಯಾಕ್‌ನಿಂದ ಫ್ಲಾಪಿ ಡ್ರೈವನ್ನು ಕೈಬಿಟ್ಟಾಗ ಅನೇಕರು ನಕ್ಕಿದ್ದರು. ೨೦೧೧ರಲ್ಲಿ ಸೋನಿಯೇ ಫ್ಲಾಪಿಗಳ ತಯಾರಿಕೆಯನ್ನು ನಿಲ್ಲಿಸಿತು. ಸರಕಾರಕ್ಕೆ ದಾಖಲೆಗಳನ್ನು ಫ್ಲಾಪಿಯಲ್ಲಿ ಒಪ್ಪಿಸಬೇಕೆಂಬ ನಿಯಮಗಳನ್ನು ಜಪಾನ್ ೨೦೨೪ರಲ್ಲಿ ತೆಗೆದುಹಾಕಿತು. ಇಂದಿನ ಕಂಪ್ಯೂಟರಿನ ಮದರ್‌ಬೋರ್ಡಿನಲ್ಲಿ ಫ್ಲಾಪಿ ಡ್ರೈವನ್ನು ಜೋಡಿಸುವ ಮೂವತ್ತನಾಲ್ಕು ಸೂಜಿಗಳ ಸಾಕೆಟ್ಟೇ ಇಲ್ಲ. ಎಂದರೆ ಹಳೆಯ ಡ್ರೈವ್ ಸುಸ್ಥಿತಿಯಲ್ಲಿ ಸಿಕ್ಕರೂ ಅದನ್ನು ನೇರವಾಗಿ ಸಿಕ್ಕಿಸುವ ಸ್ಥಳವಿಲ್ಲ.

ನಮ್ಮ ಹನ್ನೊಂದರಲ್ಲಿ ಏಳು ಮೂರೂವರೆ ಅಂಗುಲದವು. ಇವುಗಳ ಮಟ್ಟಿಗೆ ದಾರಿ ಸುಲಭ. ಯುಎಸ್‌ಬಿ ತಂತಿಯಿಂದ ಜೋಡಿಸುವ ಪುಟ್ಟ ಡ್ರೈವ್ ಈಗಲೂ ದೊರೆಯುತ್ತದೆ; ಅದು ೧.೪೪ ಮೆಗಾಬೈಟಿನ ಫ್ಲಾಪಿಗಳನ್ನು ಓದುತ್ತದೆ. ಸಂಘದ ಹಳೆಯ ಸದಸ್ಯರೊಬ್ಬರ ಮೊಮ್ಮಗಳು, ಇಂಜಿನಿಯರ್ ಹುಡುಗಿ, ನನ್ನ ಸಹಾಯಕ್ಕೆ ಬಂದಳು. ಐದು ಫ್ಲಾಪಿಗಳು ಹಾಯಾಗಿ ಪ್ರತಿಯಾದವು. ಆರನೆಯದನ್ನು ಹಾಕಿದಾಗ, ಇದು ಫಾರ್ಮ್ಯಾಟ್ ಆಗಿಲ್ಲ, ಈಗ ಮಾಡಲೇ ಎಂದು ಪರದೆಯ ಮೇಲೆ ಪ್ರಶ್ನೆ ಮೂಡಿತು. ಯಂತ್ರ ಕೇಳುತ್ತಿದೆಯಲ್ಲ ಎಂದು ನಾನು ಒಪ್ಪಿಗೆ ಕೊಡಹೊರಟಿದ್ದೆ. 'ಮಾವ, ಬೇಡ! ಒಪ್ಪಿದರೆ ಎಲ್ಲ ಅಳಿಸಿಹೋಗುತ್ತದೆ' ಎಂದು ಅವಳು ಕೈ ಹಿಡಿದಳು. ಮತ್ತೆ ಮತ್ತೆ ಓದಿಸಿದ ಮೇಲೆ ಅದರ ಬಹುಭಾಗ ದಕ್ಕಿತು. ಏಳನೆಯದರ ಲೋಹದ ಮುಚ್ಚಳ ತುಕ್ಕು ಹಿಡಿದು ಅಂಟಿಕೊಂಡಿತ್ತು. ಅವಳು ಕವಚವನ್ನು ಬಿಡಿಸಿ, ಒಳಗಿನ ತೆಳು ತಟ್ಟೆಯನ್ನು ಇನ್ನೊಂದು ಒಳ್ಳೆಯ ಫ್ಲಾಪಿಯ ಕವಚಕ್ಕೆ ವರ್ಗಾಯಿಸಿ ಓದಿಸಿದಳು.

ಐದೂಕಾಲು ಅಂಗುಲದ ನಾಲ್ಕು ಫ್ಲಾಪಿಗಳೇ ನಮ್ಮನ್ನು ತಿಂಗಳುಗಟ್ಟಲೆ ಅಲೆಸಿದವು. ಇವಕ್ಕೆ ಅಂಗಡಿಯಿಂದ ತಂದು ಸಿಕ್ಕಿಸಿದರೆ ಸಾಕೆನ್ನುವಂಥ ಯುಎಸ್‌ಬಿ ಡ್ರೈವ್ ನಮಗೆ ದೊರೆಯಲಿಲ್ಲ. ಲ್ಯಾಮಿಂಗ್ಟನ್ ರಸ್ತೆಯ ಅಂಗಡಿಗಳನ್ನು ಹತ್ತಿ ಇಳಿದೆ. 'ಕಾಕಾ, ಇದನ್ನು ನಾನು ಹುಟ್ಟಿದ ಮೇಲೆ ನೋಡಿಯೇ ಇಲ್ಲ' ಎಂದು ಒಬ್ಬ ತರುಣ ಹಿಂದಿಯಲ್ಲಿ ಹೇಳಿ, ಫ್ಲಾಪಿಯನ್ನು ಬೆಳಕಿಗೆ ಹಿಡಿದು ನೋಡಿ ಮರಳಿಸಿದ. ಕೊನೆಗೆ ನಿವೃತ್ತ ಬ್ಯಾಂಕ್ ನೌಕರರಾದ ಸದಸ್ಯರೊಬ್ಬರ ಮನೆಯ ಅಟ್ಟದಲ್ಲಿ, ದೀಪಾವಳಿಯ ಸಾಮಾನುಗಳ ಹಿಂದೆ, ಹಳೆಯ ಕಂಪ್ಯೂಟರೊಂದು ಸಿಕ್ಕಿತು. ಅದರ ಉಳಿದ ಭಾಗಗಳೆಲ್ಲ ಸತ್ತಿದ್ದವು, ೧.೨ ಮೆಗಾಬೈಟಿನ ಡ್ರೈವ್ ಮಾತ್ರ ಬದುಕಿತ್ತು.

ಡ್ರೈವ್‌ಗೂ ಇಂದಿನ ಕಂಪ್ಯೂಟರಿಗೂ ನಡುವೆ ದುಭಾಷಿಯಂತೆ ಕೆಲಸ ಮಾಡುವ ಚಿಕ್ಕ ಬೋರ್ಡುಗಳಿವೆ. ನಾವು ತರಿಸಿದ್ದು ಗ್ರೀಸ್‌ವೀಜಲ್ ಎಂಬುದನ್ನು. ಅದರ ಒಂದು ತುದಿಗೆ ಮೂವತ್ತನಾಲ್ಕು ತಂತಿಗಳ ಹಳೆಯ ಪಟ್ಟಿ, ಇನ್ನೊಂದು ತುದಿಗೆ ಯುಎಸ್‌ಬಿ. ಡ್ರೈವಿನ ಮೋಟಾರಿಗೆ ೧೨ ವೋಲ್ಟ್ ಬೇಕು. ಯುಎಸ್‌ಬಿ ತಂತಿಯಿಂದ ಅದು ಸಿಗದು. ಆದ್ದರಿಂದ ಹಳೆಯ ಕಂಪ್ಯೂಟರಿನ ವಿದ್ಯುತ್ ಪೆಟ್ಟಿಗೆಯ ನಾಲ್ಕು ಸೂಜಿಗಳ ಪ್ಲಗ್ಗಿನಿಂದ ಅದಕ್ಕೆ ವಿದ್ಯುತ್ ಕೊಟ್ಟೆವು. ಈ ಬೋರ್ಡಿನ ವಿಶೇಷವೆಂದರೆ ಅದು ತಟ್ಟೆಯ ಮೇಲಿನ ಕಾಂತದ ಏರಿಳಿತವನ್ನೇ ಅಳೆದು ದಾಖಲಿಸಿಕೊಳ್ಳುತ್ತದೆ. ಇಂದು ಅರ್ಥವಾಗದ ಭಾಗವನ್ನು ಮುಂದೊಂದು ದಿನ, ಫ್ಲಾಪಿ ಹಾಳಾದ ಮೇಲೆಯೂ, ಆ ದಾಖಲೆಯಿಂದ ಬಿಡಿಸಲು ಅವಕಾಶ ಉಳಿಯುತ್ತದೆ.

ಇಲ್ಲಿ ಮೂರು ಎಚ್ಚರಿಕೆಗಳನ್ನು ಹೇಳಬೇಕು. ಒಂದು, ನಮ್ಮ ಫ್ಲಾಪಿಗಳು ೩೬೦ ಕಿಲೋಬೈಟಿನವು; ಒಂದೊಂದು ಮುಖದಲ್ಲಿ ನಲವತ್ತು ವೃತ್ತಗಳು. ೧.೨ ಮೆಗಾಬೈಟಿನ ಡ್ರೈವ್ ಎಂಬತ್ತು ವೃತ್ತಗಳಲ್ಲಿ ಚಲಿಸುವಂಥದು. ಒಂದನ್ನು ಬಿಟ್ಟು ಒಂದರಂತೆ ಹೆಜ್ಜೆ ಹಾಕುವಂತೆ ಸೂಚಿಸಿದರೆ ಅದು ಹಳೆಯದನ್ನು ಓದುತ್ತದೆ. ಆದರೆ ಅದರಿಂದ ಹಳೆಯ ಫ್ಲಾಪಿಯ ಮೇಲೆ ಏನನ್ನೂ ಬರೆಯಬಾರದು. ಎರಡು, ಓದಿಸುವ ಮೊದಲೇ ಬರೆಯುವ ದಾರಿಯನ್ನು ಮುಚ್ಚಬೇಕು. ಐದೂಕಾಲು ಅಂಗುಲದ್ದಾದರೆ ಬದಿಯ ಕಚ್ಚಿನ ಮೇಲೆ ಚೀಟಿ ಅಂಟಿಸಬೇಕು. ಮೂರೂವರೆ ಅಂಗುಲದ್ದಾದರೆ ಮೂಲೆಯ ಪುಟ್ಟ ಕಿಂಡಿಯನ್ನು ತೆರೆದಿಡಬೇಕು. ಮೂರು, ಬೂಸ್ಟು ಹಿಡಿದ ಫ್ಲಾಪಿಯನ್ನು ಹಾಗೆಯೇ ಹಾಕಬಾರದು. ೨೦೦೫ರ ಜುಲೈ ೨೬ರ ಮಹಾಮಳೆಯಲ್ಲಿ ನಮ್ಮ ಕಚೇರಿಗೆ ನೀರು ನುಗ್ಗಿತ್ತು. ಡಬ್ಬಿ ಮುಳುಗಲಿಲ್ಲ, ಆದರೆ ತೇವ ಒಳಗಿಳಿದು ಎರಡು ತಟ್ಟೆಗಳ ಮೇಲೆ ಬಿಳಿಯ ಬೂಸ್ಟು ಬೆಳೆದಿತ್ತು. ಅದು ಡ್ರೈವಿನ ಓದುವ ತಲೆಗೆ ಮೆತ್ತಿಕೊಂಡರೆ ಮುಂದಿನ ಫ್ಲಾಪಿಯನ್ನೂ ಗೀರುತ್ತದೆ. ಪ್ರತಿ ಸಲವೂ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಯಿಂದ ಆ ತಲೆಯನ್ನು ಒರೆಸಬೇಕಾಯಿತು.

ಯಂತ್ರದ ಬಾಗಿಲು ತೆರೆದ ಮೇಲೆ ಲಿಪಿಯ ಬಾಗಿಲು. ಕನ್ನಡಿಗರು ವಿಶೇಷವಾಗಿ ಗಮನಿಸಬೇಕಾದ ಸಂಗತಿ ಇದೇ. ನಮ್ಮ ಐದೂಕಾಲು ಅಂಗುಲದ ಫ್ಲಾಪಿಗಳ ಬರಹವನ್ನು ಸದಸ್ಯರೊಬ್ಬರು ತಮ್ಮ ಕಚೇರಿಯ ಡಾಸ್ ಕಂಪ್ಯೂಟರಿನಲ್ಲಿ, ಪುಣೆಯ ಸಿ-ಡ್ಯಾಕ್ ಸಂಸ್ಥೆಯ ಜಿಸ್ಟ್ ಕಾರ್ಡಿನ ನೆರವಿನಿಂದ ಜೋಡಿಸಿದ್ದರು. ಅದು ಇಸ್ಕಿ ಎಂಬ ಸಾರ್ವಜನಿಕ ಸಂಕೇತದಲ್ಲಿತ್ತು. ೧೯೯೧ರಲ್ಲಿ ಭಾರತೀಯ ಮಾನಕವಾದ ಈ ಸಂಕೇತದಲ್ಲಿ ಯಾವ ಅಕ್ಷರಕ್ಕೆ ಯಾವ ಸಂಖ್ಯೆ ಎಂಬುದು ಎಲ್ಲರಿಗೂ ತಿಳಿದ ವಿಷಯ. ಯೂನಿಕೋಡ್‌ನ ಕನ್ನಡ ವಿಭಾಗದ ಜೋಡಣೆಯೂ ಇಸ್ಕಿಯ ಹಿಂದಿನ ರೂಪವನ್ನೇ ಆಧರಿಸಿದ್ದು. ಹೀಗಾಗಿ, ಯಂತ್ರಕ್ಕೆ ತಿಂಗಳುಗಟ್ಟಲೆ ದಕ್ಕದ ಫ್ಲಾಪಿಗಳು ದಕ್ಕಿದ ಮೇಲೆ ಒಂದೇ ಸಂಜೆಯಲ್ಲಿ ಕನ್ನಡವಾದವು.

ಮೂರೂವರೆ ಅಂಗುಲದವುಗಳ ಕಥೆ ಇದಕ್ಕೆ ತಿರುಗುಮುರುಗು. ಅವನ್ನು ಡಿ.ಟಿ.ಪಿ. ಕೇಂದ್ರವೊಂದರಲ್ಲಿ ಪೇಜ್‌ಮೇಕರ್‌ನಲ್ಲಿ ಜೋಡಿಸಿದ್ದರು. ಪೇಜ್‌ಮೇಕರ್‌ನ ಕೊನೆಯ ಆವೃತ್ತಿ ಬಂದದ್ದು ೨೦೦೧ರಲ್ಲಿ; ಹಳೆಯ ವಿಂಡೋಸ್ ೯೮ ಇರುವ ಕಂಪ್ಯೂಟರನ್ನು ಹುಡುಕಿ ಕಡತಗಳನ್ನು ತೆರೆದೆವು. ತೆರೆದಾಗ ಕಂಡದ್ದು ಇಂಗ್ಲಿಷ್ ಅಕ್ಷರಗಳ, ವಿರಾಮಚಿಹ್ನೆಗಳ ಗೊಂಚಲು. ಆ ಕಾಲದ ಫಾಂಟ್ ತಯಾರಕರು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತಲೆಕಟ್ಟು, ಕೊಂಬು, ಒತ್ತುಗಳ ಚಿತ್ರಗಳನ್ನು ಕೂರಿಸಿದ್ದರು. ಒಬ್ಬೊಬ್ಬ ತಯಾರಕನದು ಒಂದೊಂದು ಜೋಡಣೆ. ಆ ಫಾಂಟು ಇಲ್ಲದಿದ್ದರೆ ಬರಹವೇ ಇಲ್ಲ. ನಮ್ಮ ಡಿ.ಟಿ.ಪಿ. ಕೇಂದ್ರ ಎಂದೋ ಮುಚ್ಚಿತ್ತು. ಈಗ ದೊರೆಯುವ ಪರಿವರ್ತಕಗಳಿಗೆ ಈ ಫಾಂಟಿನ ಪರಿಚಯವಿರಲಿಲ್ಲ.

ನಮ್ಮನ್ನು ಪಾರುಮಾಡಿದ್ದು ಕಾಗದ. ಅಚ್ಚಾಗಿದ್ದ ಒಂಬತ್ತು ಕಥನಗಳ ಕಡತಗಳೂ ಆ ಫ್ಲಾಪಿಗಳಲ್ಲಿದ್ದವು. ಅವುಗಳ ಮುದ್ರಿತ ಪುಟಗಳು ಸ್ಮರಣ ಸಂಚಿಕೆಯಲ್ಲಿದ್ದವು. ಎರಡನ್ನೂ ಅಕ್ಕಪಕ್ಕದಲ್ಲಿಟ್ಟು, ಪರದೆಯ ಮೇಲಿನ ಯಾವ ಚಿಹ್ನೆಗೆ ಪುಸ್ತಕದ ಯಾವ ಅಕ್ಷರ ಎಂದು ಒಂದೊಂದಾಗಿ ಪಟ್ಟಿ ಮಾಡಿದೆವು. ಆ ಪಟ್ಟಿಯೇ ಮಿಕ್ಕವುಗಳಿಗೆ ಬೀಗದ ಕೈಯಾಯಿತು. ಯೂನಿಕೋಡ್‌ನ ಮೊದಲ ಆವೃತ್ತಿ ಬಂದದ್ದು ೧೯೯೧ರಲ್ಲಿ. ಕನ್ನಡ ಅದರಲ್ಲಿಯೇ ಇತ್ತು. ವಿಂಡೋಸ್ ಎಕ್ಸ್‌ಪಿಯ ಮೂಲಕ ಅದು ಸಾಮಾನ್ಯರ ಕಂಪ್ಯೂಟರಿಗೆ ಬರುವ ಹೊತ್ತಿಗೆ ೨೦೦೧ ಆಗಿತ್ತು. ನಡುವಣ ಹತ್ತು ವರ್ಷ, ಅದರ ಮೇಲೂ ಅಭ್ಯಾಸಬಲದಿಂದ ಕೆಲವು ವರ್ಷ, ನಾವು ನಮ್ಮ ಬರವಣಿಗೆಯನ್ನು ಖಾಸಗಿ ಬೀಗಗಳೊಳಗೆ ಇಡುತ್ತ ಹೋದೆವು. ಭಾಷೆ ಎಲ್ಲರದು, ಅದರ ಲಿಪಿಯ ಸಂಕೇತವೂ ಎಲ್ಲರದಾಗಿರಬೇಕು ಎಂಬ ಮಾತನ್ನು ಆಗ ಕೆಲವರು ಹೇಳುತ್ತಿದ್ದರು. ಅದು ತಂತ್ರಜ್ಞರ ವಾದವೆಂದು ನಮ್ಮಂಥ ಸಾಹಿತ್ಯಪ್ರಿಯರು ಕಿವಿಗೊಡಲಿಲ್ಲ.

ಮೂವತ್ತೊಂದು ಕಥನಗಳಲ್ಲಿ ಇಪ್ಪತ್ತೆರಡು ಪೂರ್ಣವಾಗಿ ದೊರೆತವು, ಐದು ಭಾಗಶಃ. ನಾಲ್ಕು ಹೋದವು. ಓದುತ್ತ ಕುಳಿತಾಗ ಇನ್ನೊಂದು ಸಂಗತಿ ನನ್ನ ಅರಿವಿಗೆ ಬಂದಿತು. ೧೯೯೬ರಲ್ಲಿ ನಾವು ಅಚ್ಚಿಗೆ ಆರಿಸಿದ್ದ ಒಂಬತ್ತೂ ಗೆದ್ದವರ ಕಥನಗಳು: ಮುಂದೆ ಹೋಟೆಲಿನ ಮಾಲಿಕರಾದವರು, ವಕೀಲರಾದವರು, ಬ್ಯಾಂಕಿನಲ್ಲಿ ಅಧಿಕಾರಿಗಳಾದವರು. ಫ್ಲಾಪಿಯಲ್ಲಿ ಉಳಿದವರು ಕೊನೆಯವರೆಗೂ ಅಡುಗೆಯವರಾಗಿ, ಮಾಣಿಗಳಾಗಿ, ಕಚೇರಿಯ ಪ್ಯೂನುಗಳಾಗಿ ಬಾಳಿದವರು. ಹೀಗೆ ಆರಿಸೋಣವೆಂದು ನಾವು ಯಾರೂ ಮಾತಾಡಿಕೊಂಡಿರಲಿಲ್ಲ. ಜಾಹೀರಾತು ಕೊಟ್ಟವರ ಸಂಚಿಕೆಯಲ್ಲಿ ಅದು ತಾನಾಗಿಯೇ ಹಾಗಾಯಿತು. ಮುಂಬಯಿ ಕನ್ನಡಿಗರ ಸಾಹಸಗಾಥೆ ಎಂದು ನಾವು ವೇದಿಕೆಗಳಲ್ಲಿ ಹೇಳಿಕೊಳ್ಳುತ್ತ ಬಂದಿರುವುದು ಆ ಒಂಬತ್ತರ ಕಥೆ. ಆ ಡಬ್ಬಿಯನ್ನು ಹಾಗೆಯೇ ಬಿಟ್ಟಿದ್ದರೆ ಅದೊಂದೇ ನಮ್ಮ ಚರಿತ್ರೆಯಾಗಿ ಉಳಿಯುತ್ತಿತ್ತು.

ಭಾಗಶಃ ದೊರೆತ ಐದರಲ್ಲಿ ಒಂದನ್ನು ಕುರಿತು ಹೇಳುತ್ತೇನೆ. ಕುಂದಾಪುರದ ಕಡೆಯಿಂದ ಹನ್ನೊಂದನೆಯ ವಯಸ್ಸಿನಲ್ಲಿ ಬಂದು, ಕೋಟೆ ವಿಭಾಗದ ಹೋಟೆಲೊಂದರಲ್ಲಿ ಮೇಜು ಒರೆಸುತ್ತಿದ್ದವರು ಅವರು. ಊರಿಗೆ ತಮ್ಮ ಕಾಗದವನ್ನು ಬೇರೆಯವರು ಬರೆಯುತ್ತಿದ್ದರು, ಅವರು ಬರೆದದ್ದೇ ತಮ್ಮ ಕ್ಷೇಮಸಮಾಚಾರವಾಗುತ್ತಿತ್ತು ಎನ್ನುತ್ತಾರೆ. ದಣಿವು ತಾಳಲಾರದೆ ರಾತ್ರಿ ಶಾಲೆಯನ್ನು ಬಿಡಲು ನಿಶ್ಚಯಿಸಿದ ದಿನವನ್ನು ವಿವರಿಸುತ್ತ, 'ಆ ರಾತ್ರಿ ಮಾಸ್ತರರು ನನ್ನನ್ನು ಹತ್ತಿರ ಕರೆದು' ಎನ್ನುವಲ್ಲಿಗೆ ಬರಹ ನಿಲ್ಲುತ್ತದೆ. ಫ್ಲಾಪಿಯ ಒಂದು ಖಾನೆಯಲ್ಲಿ ೫೧೨ ಬೈಟುಗಳಿರುತ್ತವೆ. ಕನ್ನಡದಲ್ಲಿ ಅದು ಒಂದು ಸಣ್ಣ ಪ್ಯಾರಾ. ಅಷ್ಟನ್ನು ಬೂಸ್ಟು ತಿಂದಿತ್ತು. ಮುಂದಿನ ಖಾನೆ 'ಆ ಮೇಲೆ ನಾನು ಶಾಲೆ ಬಿಡಲಿಲ್ಲ' ಎಂದು ಆರಂಭವಾಗುತ್ತದೆ.

ಅವರು ತೀರಿಕೊಂಡು ವರ್ಷಗಳಾದವು. ಡೊಂಬಿವಲಿಯಲ್ಲಿರುವ ಅವರ ಮಗಳಿಗೆ ಕನ್ನಡ ಮಾತು ಬರುತ್ತದೆ, ಓದು ಬಾರದು. ಆದ್ದರಿಂದ ನಾನೇ ಹೋಗಿ ಓದಿ ಹೇಳಿದೆ. ಆ ಜಾಗಕ್ಕೆ ಬಂದಾಗ ಆಕೆ, 'ಅಣ್ಣ, ಮಾಸ್ತರರು ಏನು ಹೇಳಿದರಂತೆ?' ಎಂದು ಕೇಳಿದರು. ೧೯೯೬ರಲ್ಲಿ ಆ ಹಸ್ತಪ್ರತಿಯನ್ನು ಓದಿ ತಿದ್ದಿದವನು ನಾನು, ನನಗೆ ನೆನಪಿಲ್ಲ. ಕಾಗದವೇಕೆ ಎಂದವನೂ ನಾನೇ. ಆ ಮನೆಯಲ್ಲಿ ಕೊಟ್ಟ ಕಾಫಿಯನ್ನು ಕುಡಿದು ಎದ್ದು ಬರುವುದು ಕಷ್ಟವಾಯಿತು.

ಇದೆಲ್ಲ ಸರಕಾರದ ಕೆಲಸ ಎಂದು ಕೆಲವರು ಹೇಳುವುದುಂಟು. ಯಾವ ಸರಕಾರದ್ದು? ರಾಜ್ಯಗಳ ಪತ್ರಾಗಾರಗಳು ಮುಖ್ಯವಾಗಿ ತಂತಮ್ಮ ಆಡಳಿತದ ಕಡತಗಳನ್ನು ಕಾಯಲು ಹುಟ್ಟಿದವು. ಕರ್ನಾಟಕದ ದೃಷ್ಟಿಯಲ್ಲಿ ನಾವು ಹೊರಗೆ ಹೋದವರು, ನೆಲೆಸಿದ ರಾಜ್ಯದ ದೃಷ್ಟಿಯಲ್ಲಿ ಹೊರಗಿನಿಂದ ಬಂದವರು. ಹೋಟೆಲಿನ ಮಾಣಿಯೊಬ್ಬನ ಕನ್ನಡ ಕಥನ ಈ ಎರಡರ ನಡುವಣ ಸಂದಿಯಲ್ಲಿ ಬೀಳುತ್ತದೆ. ಅದನ್ನು ಎತ್ತಿಡಬೇಕಾದದ್ದು ಸಂಘವೇ. ಖಾಸಗಿ ಕಂಪನಿಗೆ ಒಪ್ಪಿಸಬಹುದಲ್ಲ ಎಂಬ ಇನ್ನೊಂದು ವಾದವಿದೆ. ಫ್ಲಾಪಿಯ ಮೇಲಿನ ಕಡತವನ್ನು ಅವರು ತೆಗೆದುಕೊಟ್ಟಾರು. ಅದರೊಳಗಿನ ಕನ್ನಡವನ್ನು ಬಿಡಿಸಲು ಕನ್ನಡ ಬಲ್ಲವರೇ ಕೂರಬೇಕು.

ಹತ್ತನೆಯ ಶತಮಾನದ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದನ್ನು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಅದನ್ನು ದಾನದ ದೃಷ್ಟಾಂತವಾಗಿ ಮಾತ್ರ ನಮಗೆ ಹೇಳಿಕೊಟ್ಟರು. ತಾಳೆಗರಿ ಶಾಶ್ವತವಲ್ಲವೆಂಬುದು ಆಕೆಗೆ ತಿಳಿದಿತ್ತು. ಗರಿ ಸಾಯುವ ಮೊದಲೇ ಇನ್ನೊಂದು ಗರಿಗೆ ಬರಹ ದಾಟಬೇಕೆಂಬುದೂ ತಿಳಿದಿತ್ತು. ಫ್ಲಾಪಿಗೂ ಇದೇ ನ್ಯಾಯ, ನಾಳೆ ಇಂದಿನ ಪೆನ್‌ಡ್ರೈವ್‌ಗಳಿಗೂ ಇದೇ ನ್ಯಾಯ. ನಮ್ಮ ಹನ್ನೊಂದು ಫ್ಲಾಪಿಗಳಲ್ಲಿದ್ದ ಒಟ್ಟು ಬರಹ ಹನ್ನೆರಡು ಮೆಗಾಬೈಟನ್ನೂ ಮೀರುವುದಿಲ್ಲ. ಮೊಬೈಲಿನಲ್ಲಿ ತೆಗೆದ ನಾಲ್ಕಾರು ಚಿತ್ರಗಳಷ್ಟು. ಸ್ಥಳದ ಅಭಾವ ಇಲ್ಲಿ ನೆಪವಾಗಲಾರದು.

ಆದ್ದರಿಂದ ಸಂಘಗಳ ಮುಂದೆ ಕೆಲವು ಸೂಚನೆಗಳನ್ನಿಡುತ್ತೇನೆ. ಪ್ರತಿಯೊಂದು ಸಂಘವೂ ಮುಂದಿನ ಮಳೆಗಾಲಕ್ಕೆ ಮೊದಲು ತನ್ನಲ್ಲಿ, ತನ್ನ ಹಳೆಯ ಪದಾಧಿಕಾರಿಗಳ ಮನೆಗಳಲ್ಲಿ, ಇರುವ ಫ್ಲಾಪಿಗಳ ಪಟ್ಟಿ ಮಾಡಲಿ. ಸಿಕ್ಕ ಸಿಕ್ಕ ಡ್ರೈವಿಗೆ ಹಾಕಿ ಯಾರೂ ಪರೀಕ್ಷಿಸದಿರಲಿ. ಡ್ರೈವ್, ಬೋರ್ಡು, ತಂತಿ ಇವುಗಳ ಒಂದು ಸಲಕರಣೆ ಪೆಟ್ಟಿಗೆಯನ್ನು ಹಲವು ಸಂಘಗಳು ಕೂಡಿ ಕೊಳ್ಳಲಿ. ಅದು ಮುಂಬಯಿಯಿಂದ ಪುಣೆಗೆ, ಅಲ್ಲಿಂದ ಹೈದರಾಬಾದಿಗೆ, ಚೆನ್ನೈಗೆ, ದೆಹಲಿಗೆ ಯಕ್ಷಗಾನದ ಮೇಳದಂತೆ ತಿರುಗಲಿ. ಹಳೆಯ ಡಿ.ಟಿ.ಪಿ. ಕೇಂದ್ರಗಳನ್ನು ನಡೆಸಿದವರು ತಮ್ಮಲ್ಲಿರುವ ಫಾಂಟುಗಳ ಅಕ್ಷರಪಟ್ಟಿಗಳನ್ನು ಹಂಚಿಕೊಳ್ಳಲಿ. ದೊರೆತ ಬರಹ ಯೂನಿಕೋಡ್‌ಗೆ ಬರಲಿ, ಮೂಲ ಫ್ಲಾಪಿಯ ಯಥಾಪ್ರತಿಯೂ ಜೊತೆಗಿರಲಿ. ಒಂದು ಪ್ರತಿ ನಮ್ಮಲ್ಲಿ, ಒಂದು ಬೇರೆ ಊರಿನ ಸಂಘದಲ್ಲಿ, ಒಂದು ಕಾಗದದ ಮೇಲೆ.

ನಮ್ಮ ಕಾರ್ಯಕಾರಿ ಸಮಿತಿಯ ಮುಂದಿನ ಸಭೆಯಲ್ಲಿ, ದೊರೆತ ಇಪ್ಪತ್ತೇಳು ಕಥನಗಳನ್ನು ಜಾಹೀರಾತಿನ ಹಂಗಿಲ್ಲದೆ ಪುಸ್ತಕವಾಗಿ ಅಚ್ಚು ಹಾಕಬೇಕೆಂಬ ಠರಾವನ್ನು ನಾನು ಮಂಡಿಸಲಿದ್ದೇನೆ. ಕಳೆದುಹೋದ ನಾಲ್ವರ ಹೆಸರುಗಳು ನಮ್ಮ ನಡಾವಳಿ ಪುಸ್ತಕದಲ್ಲಿ ಉಳಿದಿವೆ. ಅವರ ಹೆಸರಿನ ಕೆಳಗೆ ಪುಟವನ್ನು ಖಾಲಿ ಬಿಡಬೇಕೆಂದೂ ಕೇಳಿಕೊಳ್ಳುವವನಿದ್ದೇನೆ. ಅವರ ಮನೆಯವರಲ್ಲಿ ಯಾರಿಗಾದರೂ ಏನಾದರೂ ನೆನಪಿದ್ದರೆ ಅಲ್ಲಿ ಬರೆಯಬಹುದು. ಈ ಲೇಖನವನ್ನು ಓದಿದವರು ಇಂದು ಸಂಜೆ ತಮ್ಮ ಮನೆಯ ಅಟ್ಟವನ್ನು, ಕಪಾಟಿನ ಮೇಲಿನ ಪೆಟ್ಟಿಗೆಗಳನ್ನು ಒಮ್ಮೆ ಇಳಿಸಿ ನೋಡಬೇಕೆಂಬುದು ನನ್ನ ವಿನಂತಿ. ಫ್ಲಾಪಿ ಸಿಕ್ಕಿದರೆ ಎಸೆಯಬೇಡಿ, ಎಲ್ಲಿಯೂ ಹಾಕಿ ನೋಡಬೇಡಿ; ಒಣಗಿದ ಜಾಗದಲ್ಲಿಟ್ಟು ಸಂಘಕ್ಕೆ ತಿಳಿಸಿ. ಡ್ರೈವ್ ಸಿಕ್ಕಿದರಂತೂ ಅದನ್ನು ರದ್ದಿಯವನಿಗೆ ಕೊಡಬೇಡಿ.